ಜಾಮೀನಿನ ಮೇಜು

ಬ್ಲೇಡಿನ ಮೂಲೆಯಿಂದ ಒಂದೊಂದೇ ಹೊಲಿಗೆಯನ್ನು ಎತ್ತಿ ಕತ್ತರಿಸುತ್ತಿದ್ದಾಗ ಅವನಿಗೆ ಈ ಬ್ಲೇಡು ತನ್ನದಲ್ಲ ಎಂಬುದು ನೆನಪಾಯಿತು. ಬೆಳಿಗ್ಗೆ ಕೋರ್ಟಿನ ಬಾಗಿಲು ತೆಗೆದ ಕೂಡಲೇ, ಯಾವುದೋ ಕೇಸಿಗೆ ಸಾಕ್ಷಿ ಹೇಳಲು ಬಂದ ಮುದುಕನೊಬ್ಬನ ಕೈಚೀಲದಿಂದ ತೆಗೆದಿಟ್ಟದ್ದು. "ಗಡ್ಡ ಹೆರೆಯೋದಕ್ಕಪ್ಪ, ಸಂಜೆ ವಾಪಸು ಕೊಡ್ತೀಯಲ್ಲ?" ಎಂದು ಮುದುಕ ಕೇಳಿದ್ದ. "ಕೊಡ್ತೀನಿ ತಾತ, ಎಲ್ಲಿಗೆ ಹೋಗುತ್ತೆ" ಎಂದು ಟ್ರೇಗೆ ಹಾಕಿ, ಆಮೇಲೆ ಯಾರೂ ನೋಡದಾಗ ಜೇಬಿಗಿಳಿಸಿದ್ದ. ಈಗ ನೆಲಮಹಡಿಯ ಪಾಯಿಖಾನೆಯಲ್ಲಿ ಚಿಲಕ ಹಾಕಿಕೊಂಡು, ಬನಿಯನ್ನಿನಲ್ಲಿ ಕೂತು, ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು, ಎಡತೋಳಿನ ಮೇಲಿದ್ದ ಸೆಕ್ಯೂರಿಟಿ ಕಂಪನಿಯ ಬ್ಯಾಡ್ಜನ್ನು ಬಿಚ್ಚುತ್ತಿದ್ದ. ಕಳ್ಳತನದ ವ್ಯಾಖ್ಯೆಯನ್ನು ಮೂರು ವರ್ಷ ಓದಿದವನು. ಇನ್ನೊಬ್ಬರ ವಸ್ತುವನ್ನು, ಅವರ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ. ಉದ್ದೇಶ ಎನ್ನುವುದರ ಮೇಲೆ ಒಂದು ಇಡೀ ಅಧ್ಯಾಯವಿತ್ತು, ಪರೀಕ್ಷೆಯಲ್ಲಿ ಅದಕ್ಕೆ ಒಳ್ಳೆಯ ಅಂಕವೂ ಬಂದಿತ್ತು. ಪಕ್ಕದ ಪಾಯಿಖಾನೆಯಲ್ಲಿ ಯಾರೋ ವಕೀಲ ಫೋನಿನಲ್ಲಿ ಕಕ್ಷಿದಾರನನ್ನು ಬೈಯುತ್ತಿದ್ದ. ಹೊಲಿಗೆ ಗಟ್ಟಿಯಾಗಿತ್ತು. ಕಂಪನಿಯವರು ಸಂಬಳದಲ್ಲಿ ಅಂಗಿಯ ದುಡ್ಡನ್ನೂ ಹಿಡಿದುಕೊಂಡಿದ್ದರು, ಹಾಗಾಗಿ ಅಂಗಿಯಂತೂ ತನ್ನದೇ ಎಂದು ಸಮಾಧಾನ ಮಾಡಿಕೊಂಡ. ಬ್ಯಾಡ್ಜು ಕೈಗೆ ಬಂದಾಗ ಅದರ ಜಾಗದಲ್ಲಿ ಬಟ್ಟೆ ಮಾಸದೆ ಕಡು ನೀಲಿಯಾಗಿ ಉಳಿದಿತ್ತು. ಉಗುಳು ಹಚ್ಚಿ ತಿಕ್ಕಿದ. ಮಾಸದ್ದನ್ನು ಮಾಸಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

"ಯೂನಿಫಾರ್ಮಿನಲ್ಲೇ ಬಾ," ಎಂದಿದ್ದರು ಕಾಲೇಜಿನ ಡೈರೆಕ್ಟರ್. "ಆದ್ರೆ ಆ ಕಂಪನಿ ಹೆಸರು ಕಾಣೋದು ಬೇಡ. ದೂರದಿಂದ ನೋಡಿದ್ರೆ ಪೊಲೀಸಿನ ಥರಾನೇ ಇರುತ್ತೆ, ಯಾರು ಹತ್ರ ಬಂದು ಪರೀಕ್ಷೆ ಮಾಡ್ತಾರೆ? ಕೋರ್ಟಲ್ಲಿ ಕೆಲಸ ಅಂತ ಹೇಳು. ಸುಳ್ಳೇನೂ ಅಲ್ವಲ್ಲ." ಸುಳ್ಳೇನೂ ಅಲ್ಲ. ಕೋರ್ಟಿನಲ್ಲೇ ಕೆಲಸ. ಬಾಗಿಲಿನಲ್ಲಿ. ಒಳಗೆ ನಡೆಯುವ ನ್ಯಾಯದಲ್ಲಿ ಅವನ ಪಾಲಿಗೆ ಬಂದದ್ದು ಜನರ ಬೆಲ್ಟು, ಬೀಗದ ಕೈ, ಊಟದ ಡಬ್ಬಿ. ಇವತ್ತು ಕಾಲೇಜಿನಲ್ಲಿ ಹೊಸಬರನ್ನು ಸೇರಿಸಿಕೊಳ್ಳುವ ದಿನ. ತಂದೆತಾಯಿಗಳ ಮುಂದೆ ನಿಂತು ಕ್ರಿಮಿನಲ್ ಜಸ್ಟಿಸ್ ಡಿಗ್ರಿಯಿಂದ ತನಗೆ ಎಷ್ಟು ಒಳ್ಳೆಯದಾಯಿತೆಂದು ನಾಲ್ಕು ಮಾತು ಹೇಳಬೇಕು. ಹೇಳಿದರೆ, ಕೊನೆಯ ಕಂತಿನ ಫೀಸು ಕಟ್ಟಿಲ್ಲವೆಂದು ಡೈರೆಕ್ಟರ್ ತಮ್ಮ ಡ್ರಾಯರಿನಲ್ಲಿ ಇಟ್ಟುಕೊಂಡಿರುವ ಅವನ ಸರ್ಟಿಫಿಕೇಟನ್ನು ಇವತ್ತೇ ಕೊಡುತ್ತಾರೆ. ಅದು ಕೈಗೆ ಬಂದರೆ, ಜೈಲಿನಿಂದ ಬಿಟ್ಟವರ ಮೇಲೆ ಕಣ್ಣಿಡುವ ಅಧಿಕಾರಿಯ ಸರ್ಕಾರಿ ಹುದ್ದೆಗೆ ಈ ವಾರದೊಳಗೆ ಅರ್ಜಿ ಹಾಕಬಹುದು. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ. ಆ ಹುದ್ದೆ ಸಿಕ್ಕರೆ ಸಾಲ ತೀರುತ್ತದೆ. ಸಿಗದಿದ್ದರೆ ಸಾಲ ಕೊಟ್ಟವರು ಜಾಮೀನು ನಿಂತ ಅಕ್ಕನ ಮನೆಗೆ ಬರುತ್ತಾರೆ. ಹೋದ ತಿಂಗಳೂ ಅದರ ಹಿಂದಿನ ತಿಂಗಳೂ ಅವನು ಸಾಲದ ಕಂತು ಕಟ್ಟಿರಲಿಲ್ಲ. ಅಕ್ಕನಿಗೆ ಹೇಳಿರಲಿಲ್ಲ.

ಬ್ಯಾಡ್ಜನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೊರಬಂದಾಗ ಜೊತೆಗಾರ ಸ್ಕ್ಯಾನರಿನ ಮುಂದೆ ಕೂತು ಆಕಳಿಸುತ್ತಿದ್ದ. ದಪ್ಪ ಆಳು, ಎಲ್ಲದಕ್ಕೂ ನಗುವವನು. ಇವನು ಡಿಗ್ರಿ ಓದಿದವನೆಂದು ತಿಳಿದ ದಿನದಿಂದ ಇವನಿಗೆ ಜಡ್ಜ್ ಸಾಹೇಬ್ರು ಎಂದೇ ಹೆಸರಿಟ್ಟಿದ್ದ. "ಹೋಗ್ಬನ್ನಿ ಜಡ್ಜ್ ಸಾಹೇಬ್ರೇ, ತೀರ್ಪು ಬೇಗ ಕೊಟ್ಟು ಬನ್ನಿ. ಊಟದ ಹೊತ್ತಿಗೆ ಬರದಿದ್ರೆ ಸೂಪರ್‌ವೈಸರ್ ನನ್ನ ತಲೆ ತೆಗೀತಾನೆ," ಎಂದ. ಅವನ ಮುಂದಿನ ಪರದೆಯ ಮೇಲೆ ಬ್ಯಾಗುಗಳು ಕಿತ್ತಳೆ, ಹಸಿರು, ನೀಲಿ ಬಣ್ಣದಲ್ಲಿ ಹೊಟ್ಟೆ ತೋರಿಸುತ್ತ ಹಾದುಹೋಗುತ್ತಿದ್ದವು. ಇದ್ದಕ್ಕಿದ್ದಂತೆ ಒಂದು ಹೆಂಗಸಿನ ಚೀಲದ ಮಧ್ಯೆ ಕಡು ನೀಲಿಯ ಚಾಕು ಮೂಡಿತು. ಜೊತೆಗಾರ ಆಕಳಿಸುತ್ತಲೇ ಕೆಂಪು ಗುಂಡಿ ಒತ್ತಿದ. ಚಾಕು ಮಾಯವಾಗಿ, 'ಸರಿಯಾಗಿ ಗುರುತಿಸಿದ್ದೀರಿ, ಇದು ಪರೀಕ್ಷೆ' ಎಂಬ ಸಾಲು ಬಂತು. ಕಾಯುವವರು ನಿದ್ದೆ ಹೋಗದಿರಲಿ ಎಂದು ಯಂತ್ರ ತಾನಾಗಿಯೇ ಆಗಾಗ ಯಾರದಾದರೂ ಬ್ಯಾಗಿನ ಚಿತ್ರದಲ್ಲಿ ಇಲ್ಲದ ಚಾಕುವನ್ನು ತೂರಿಸುತ್ತಿತ್ತು. ಚೀಲದ ಒಡತಿಗೆ ಏನೂ ಗೊತ್ತಾಗುವುದಿಲ್ಲ. ಅವಳು ಚೀಲ ಎತ್ತಿಕೊಂಡು ಹೋದಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಚಾಕು ಕಂಡಾಗಲೆಲ್ಲ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಈಗ ಇಬ್ಬರಿಗೂ ಅಭ್ಯಾಸವಾಗಿತ್ತು. ನಿಜವಾದ ಚಾಕು ಬಂದರೂ ನಾವು ಹೀಗೇ ಗುಂಡಿ ಒತ್ತಿ ಸುಮ್ಮನೆ ಕೂರುತ್ತೇವೇನೋ ಎಂದು ಒಮ್ಮೆ ಅವನು ಹೇಳಿದ್ದಕ್ಕೆ, "ಅದಕ್ಕೇ ನಿಮ್ಮನ್ನ ಜಡ್ಜ್ ಮಾಡ್ಲಿಲ್ಲ," ಎಂದು ಜೊತೆಗಾರ ನಕ್ಕಿದ್ದ.

ಊಟದ ಡಬ್ಬಿಯ ಬ್ಯಾಗನ್ನು ಹೆಗಲಿಗೇರಿಸಿ, ಬಸ್ಸಿಗೆ ಕೊಡುವುದನ್ನು ಉಳಿಸಿ ನಡೆದೇ ಹೊರಟ. ಬಿಸಿಲು ಏರಿತ್ತು. ಬೀದಿಯ ತುಂಬ ಅಂಗಡಿಗಳ ಬಾಗಿಲಲ್ಲಿ ತನ್ನಂಥದೇ ನೀಲಿ ಅಂಗಿಯವರು ಕುರ್ಚಿಯ ಮೇಲೆ ಕೂತಿದ್ದರು. ಒಬ್ಬ ಇವನನ್ನು ನೋಡಿ ತಲೆಯಾಡಿಸಿದ, ಇನ್ನೊಬ್ಬ ಎದ್ದು ಸಲಾಮು ಹೊಡೆದೇಬಿಟ್ಟ. ಬ್ಯಾಡ್ಜಿಲ್ಲದ ತೋಳಿನ ಮಹಿಮೆ. ಒಂದು ಕ್ಷಣ ಅವನಿಗೆ ಖುಷಿಯಾಯಿತು, ಆಮೇಲೆ ಆ ಖುಷಿಯ ಬಗ್ಗೆ ಅಸಹ್ಯವಾಯಿತು. ಈಚೆಗೆ ಅವನ ತಲೆಯೊಳಗೆ ಒಂದು ತಕ್ಕಡಿ ಬಿಡುವಿಲ್ಲದೆ ತೂಗುತ್ತಿತ್ತು. ಒಂದು ಕಡೆ ಸಂಬಳ, ಇನ್ನೊಂದು ಕಡೆ ಸಾಲ. ಟೀ ಕುಡಿದರೆ ಆ ಕಡೆ, ಕುಡಿಯದಿದ್ದರೆ ಈ ಕಡೆ. ಚಪ್ಪಲಿ ಹೊಲಿಸಿದರೆ, ಹೊಲಿಸದಿದ್ದರೆ. ಸಂಬಳ ಬಂದ ದಿನ ಮುಕ್ಕಾಲು ಪಾಲು ಬಡ್ಡಿಗೆ ಹೋಗುತ್ತಿತ್ತು, ಅಸಲು ಎಂಬುದು ಅಲುಗಾಡದೆ ಕೂತಿತ್ತು. ಏನೂ ಓದದೆ ಅದೇ ಗೇಟಿಗೆ ಸೇರಿದ ಜೊತೆಗಾರನಿಗೂ ಅಷ್ಟೇ ಸಂಬಳ; ಅವನಿಗೆ ಸಾಲವಿಲ್ಲ, ಅದಕ್ಕೇ ಅವನಿಗೆ ಅಷ್ಟು ನಗು ಬರುತ್ತದೆ. ಡಿಗ್ರಿ ಮುಗಿದ ದಿನ ಅಕ್ಕ ತಾನು ಕೆಲಸ ಮಾಡುವ ಆಸ್ಪತ್ರೆಯ ಲಾಂಡ್ರಿಯ ಹೆಂಗಸರಿಗೆಲ್ಲ ಸಿಹಿ ಹಂಚಿದ್ದಳು. ಅವಳ ಕೈಬೆರಳುಗಳು ಬ್ಲೀಚಿನ ನೀರಿಗೆ ಸುಕ್ಕಾಗಿ, ಯಾವಾಗ ನೋಡಿದರೂ ಈಗಷ್ಟೇ ಸ್ನಾನ ಮಾಡಿ ಬಂದವಳ ಹಾಗೆ ಬಿಳಿಚಿಕೊಂಡಿರುತ್ತಿದ್ದವು. ಜಾಮೀನಿಗೆ ಸಹಿ ಹಾಕುವಾಗ ಅವಳು ಒಂದು ಸಾಲನ್ನೂ ಓದಲಿಲ್ಲ. "ನೀನು ಓದಿದ್ದೀಯಲ್ಲ, ಸಾಕು," ಎಂದಳು. ಅವನೂ ಓದಿರಲಿಲ್ಲ. ಓದಿದ್ದೇನೆ ಎಂದಿದ್ದ. ಗೇಟಿನ ಕೆಲಸ ಸಿಕ್ಕ ದಿನ ಯೂನಿಫಾರ್ಮು ಹಾಕಿಕೊಂಡು, ತೋಳು ಕಾಣದ ಹಾಗೆ ಓರೆಯಾಗಿ ನಿಂತು, ಕೋರ್ಟಿನ ಕಂಬಗಳ ಮುಂದೆ ಫೋಟೋ ತೆಗೆಸಿ ಕಳಿಸಿದ್ದ. ಆ ಫೋಟೋವನ್ನು ಅಕ್ಕ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಾಳೆ. ಅವಳ ಮಗಳು ಅದರ ಕೆಳಗೆ ಕೂತು ಓದುತ್ತಾಳೆ.

ಕಾಲೇಜು ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು, ಕೆಳಗೆ ಟೈಲ್ಸಿನ ಅಂಗಡಿ. ಮೆಟ್ಟಿಲ ಗೋಡೆಯ ಮೇಲೆ ಕಪ್ಪು ಕನ್ನಡಕದ ಹುಡುಗನೊಬ್ಬ ಬೆರಳಚ್ಚಿನ ಗುರುತೊಂದನ್ನು ಭೂತಗನ್ನಡಿಯಲ್ಲಿ ನೋಡುವ ಚಿತ್ರ, ಅವನು ಓದುವಾಗ ಇದ್ದದ್ದೇ. ಈಗ ಮೂಲೆ ಕಿತ್ತಿತ್ತು. ಮೂರು ವರ್ಷದಲ್ಲಿ ಆ ಭೂತಗನ್ನಡಿಯನ್ನು ಒಬ್ಬರೂ ಕೈಯಲ್ಲಿ ಹಿಡಿದಿರಲಿಲ್ಲ. ಹಾಲಿನಲ್ಲಿ ಫ್ಯಾನುಗಳು ಸದ್ದು ಮಾಡುತ್ತಿದ್ದವು. ಬಾಗಿಲ ಪಕ್ಕದಲ್ಲಿ ಎರಡು ಮೇಜು: ಒಂದರಲ್ಲಿ ಹೆಸರು ಬರೆಸುವುದು, ಇನ್ನೊಂದರಲ್ಲಿ ಸಾಲ ಕೊಡುವ ಕಂಪನಿಯ ಗುಮಾಸ್ತೆ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದಳು. ಅದೇ ಕಂಪನಿ, ಅವನಿಗೆ ಕೊಟ್ಟದ್ದೂ ಅದೇ. ಆ ಮೇಜನ್ನು ನೋಡದೆ ದಾಟಿದ. ಡೈರೆಕ್ಟರ್ ಅವನ ತೋಳನ್ನು ಹಿಡಿದು ವೇದಿಕೆಯ ಕಡೆಗೆ ನಡೆಸುತ್ತ, "ಬೆಲ್ಟು ಸರಿ ಮಾಡ್ಕೋ. ನಗ್ತಾ ಮಾತಾಡು," ಎಂದರು. ಕುರ್ಚಿಗಳ ತುಂಬ ಜನ. ಮಕ್ಕಳ ಪಕ್ಕದಲ್ಲಿ ಚೀಲಗಳನ್ನು ಮಡಿಲಲ್ಲಿಟ್ಟುಕೊಂಡ ತಂದೆತಾಯಿಗಳು. ಅಭ್ಯಾಸಬಲದಿಂದ ಅವನು ಆ ಚೀಲಗಳ ಒಳಗನ್ನು ಕಾಣತೊಡಗಿದ. ಮಾತ್ರೆಯ ಹಾಳೆ, ಚಿಲ್ಲರೆ, ಬಟ್ಟೆಯಲ್ಲಿ ಸುತ್ತಿದ ಚಿನ್ನ. ಮೂರನೆಯ ಸಾಲಿನಲ್ಲಿ ಬಿಳಿಚಿಕೊಂಡ ಬೆರಳುಗಳು ಒಂದು ಹಳೆಯ ಕೈಚೀಲದ ಹಿಡಿಯನ್ನು ಹಿಚುಕುತ್ತಿದ್ದವು.

ಅಕ್ಕ. ಪಕ್ಕದಲ್ಲಿ ಅವಳ ಮಗಳು, ಪುಟ್ಟಿ, ಹೊಸದಾಗಿ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ. ಅವನು ಎಡತೋಳನ್ನು ಗೋಡೆಯ ಕಡೆ ತಿರುಗಿಸಿದ. ಓಡಿಹೋಗಲು ಹೊತ್ತಿರಲಿಲ್ಲ. ಪುಟ್ಟಿ ಕೈ ಬೀಸಿದಳು, ಪಕ್ಕದವರಿಗೆ ಬೆರಳು ಮಾಡಿ ತೋರಿಸಿದಳು. ಅವಳ ತುಟಿ 'ನಮ್ಮ ಮಾಮ' ಎಂದದ್ದು ಅಷ್ಟು ದೂರಕ್ಕೂ ಕಂಡಿತು. ಅಕ್ಕ ಎದ್ದು ಬಂದೇಬಿಟ್ಟಳು. "ನೀನೂ ಬರ್ತೀಯ ಅಂತ ಹೇಳಲೇ ಇಲ್ವಲ್ಲೋ! ನಾವೇ ನಿನಗೆ ಹೇಳದೆ ಬಂದ್ವಿ, ಸೇರಿಸಿ ಆಮೇಲೆ ಹೇಳೋಣ ಅಂತ. ಅವಳದ್ದು ಒಂದೇ ಹಟ, ಮಾಮ ಓದಿದ್ದೇ ಓದ್ಬೇಕು ಅಂತ." ಮಾತಾಡುತ್ತಲೇ ಅವಳ ಕೈ ಅವನ ಎಡತೋಳಿಗೆ ಹೋಯಿತು. ಕಡು ನೀಲಿ ಕಲೆಯ ಅಂಚಿನಲ್ಲಿ ಜೋತುಬಿದ್ದಿದ್ದ ನೂಲೊಂದನ್ನು ಎಳೆದು, ಬೆರಳಿಗೆ ಸುತ್ತಿಕೊಂಡು, "ಇಷ್ಟು ದೊಡ್ಡೋನಾದ್ರೂ ಬಟ್ಟೆ ಸರಿಯಾಗಿ ನೋಡ್ಕೊಳ್ಳೋಕೆ ಬರಲ್ಲ ನಿನಗೆ," ಎಂದಳು. ಚಿಕ್ಕವನಿದ್ದಾಗ ಸ್ಕೂಲಿನ ಬಾಗಿಲಲ್ಲಿ ಹೀಗೇ ಕಾಲರ್ ಎಳೆದು ಕಳಿಸುತ್ತಿದ್ದಳು. ಹುಡುಗರೆಲ್ಲ ನೋಡುತ್ತಾರೆಂದು ಅವನು ಕೈ ಕೊಸರಿಕೊಂಡು ಓಡುತ್ತಿದ್ದ, ಒಂದು ಸಲ ಹೊಡೆದೂಬಿಟ್ಟಿದ್ದ. ಅವಳು ಮಾತ್ರ ಮಧ್ಯಾಹ್ನದ ಊಟದ ಡಬ್ಬಿ ತಂದುಕೊಟ್ಟಿದ್ದಳು. ಡೈರೆಕ್ಟರ್ ಮೈಕಿನಲ್ಲಿ ಅವನನ್ನು ಕರೆಯುತ್ತಿದ್ದರು. "ನ್ಯಾಯಾಲಯದ ಭದ್ರತೆಯಲ್ಲಿ ಸೇವೆ ಸಲ್ಲಿಸುತ್ತಿರುವ ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿ." ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರು ಪುಟ್ಟಿಯದು.

ಮೈಕಿನ ಮುಂದೆ ನಿಂತಾಗ ಹೇಳಬೇಕೆಂದು ಬಾಯಿಪಾಠ ಮಾಡಿದ್ದೆಲ್ಲ ಇತ್ತು, ಎಲ್ಲೂ ಮರೆತಿರಲಿಲ್ಲ. ಈ ಓದು ಸಮಾಜಕ್ಕೆ ಬೇಕಾದ ಓದು ಎಂದ. ಅಪರಾಧ ಏಕೆ ನಡೆಯುತ್ತದೆಂದು ತಿಳಿಯುತ್ತದೆ ಎಂದ. ಶಿಸ್ತು ಬರುತ್ತದೆ ಎಂದ. ದನಿ ತನ್ನದೇ, ಆದರೆ ಸ್ಪೀಕರಿನಿಂದ ಗೋಡೆಗೆ ಹೊಡೆದು ವಾಪಸು ಬರುವಾಗ ಡೈರೆಕ್ಟರರದಾಗಿ ಕೇಳುತ್ತಿತ್ತು. ಮೂರನೆಯ ಸಾಲನ್ನು ನೋಡದೆ ಹಿಂದಿನ ಗೋಡೆಯ ಗಡಿಯಾರ ನೋಡುತ್ತ ಮಾತಾಡಿದ. ಇನ್ನೆರಡು ಮಾತು ಹೇಳಿ ಇಳಿದರೆ ಮುಗಿಯಿತು, ಸರ್ಟಿಫಿಕೇಟಿನ ಕಂದು ಬಣ್ಣದ ಕವರು ಕೈಗೆ ಬರುತ್ತದೆ. ಆಗ ನಡುವಿನಿಂದ ಒಬ್ಬ ಎದ್ದುನಿಂತ. ಬಸ್ಸಿನ ಡ್ರೈವರ್ ಇರಬೇಕು, ಖಾಕಿ ಪ್ಯಾಂಟು, ಕೈಯಲ್ಲಿ ಬೆವರು ಒರೆಸುವ ಬಟ್ಟೆ, ಪಕ್ಕದಲ್ಲಿ ತಲೆ ತಗ್ಗಿಸಿದ ಮಗ. "ಸಾರ್, ತಪ್ಪು ತಿಳ್ಕೋಬೇಡಿ. ನಾನು ಸಾಲ ಮಾಡಿ ಸೇರಿಸ್ಬೇಕು. ತಿಂಗಳಿಗೆ ಕೈಗೆ ಎಷ್ಟು ಬರುತ್ತೆ ನಿಮಗೆ? ಸಾಲ ತೀರಿತಾ?" ಎಂದು ಕೇಳಿದ. ಹಾಲಿನಲ್ಲಿ ಎಲ್ಲರೂ ನೆಟ್ಟಗೆ ಕೂತರು. ಇದೇ ಒಂದನ್ನು ಕೇಳಲು ಎಲ್ಲರೂ ಬಂದಿದ್ದರು, ಕೇಳುವ ಧೈರ್ಯ ಒಬ್ಬನಿಗೆ ಬಂದಿತ್ತು.

ಅವನು ಮೂರನೆಯ ಸಾಲನ್ನು ನೋಡಿಬಿಟ್ಟ. ಪುಟ್ಟಿ ಗಲ್ಲಕ್ಕೆ ಕೈಯಿಟ್ಟು, ಬಾಯಿ ಅರೆ ತೆರೆದು, ಸರಿಯಾದ ಉತ್ತರ ಬಂದೇ ಬರುತ್ತದೆ ಎಂದು ಕಾಯುತ್ತಿದ್ದಳು. "ತೀರಿಲ್ಲ," ಎಂದ. ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. "ಬಡ್ಡಿ ಮಾತ್ರ ಕಟ್ತಿದ್ದೀನಿ. ಸಂಬಳದಲ್ಲಿ ಮುಕ್ಕಾಲು ಅದಕ್ಕೇ ಹೋಗುತ್ತೆ. ನಾನು ಅಧಿಕಾರಿ ಅಲ್ಲ, ಕೋರ್ಟಿನ ಗೇಟಲ್ಲಿ ಬ್ಯಾಗ್ ನೋಡೋನು. ನನ್ನ ಜೊತೆ ಕೂರೋನು ಹೈಸ್ಕೂಲ್ ಮುಗಿಸಿಲ್ಲ, ಅವನಿಗೂ ಅಷ್ಟೇ ಸಂಬಳ. ಈ ಡಿಗ್ರಿ ಇರೋದಕ್ಕೆ ಒಂದು ಪೈಸೆ ಜಾಸ್ತಿ ಕೊಡಲ್ಲ." ಹೇಳಿದ ಮೇಲೆ ಎದೆ ಹಗುರವಾಗುತ್ತದೆಂದುಕೊಂಡಿದ್ದ. ಹಾಗೇನೂ ಆಗಲಿಲ್ಲ. ಮೈಮೇಲಿನ ಬಟ್ಟೆ ಎಲ್ಲರೆದುರು ಕಳಚಿಬಿದ್ದಂತಾಗಿ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಡೈರೆಕ್ಟರ್ ನಗುತ್ತ ಮೈಕು ಕಸಿದುಕೊಂಡರು. "ನೋಡಿ, ಎಂಥ ಪ್ರಾಮಾಣಿಕತೆ! ನಮ್ಮಲ್ಲಿ ಕಲಿಸೋದೇ ಇದನ್ನ. ಬೆಟ್ಟ ಹತ್ತೋನು ಮೊದಲ ಮೆಟ್ಟಿಲಲ್ಲಿದ್ದಾನೆ, ಅಷ್ಟೇ." ಕೆಲವರು ಚಪ್ಪಾಳೆ ತಟ್ಟಿದರು. ಡ್ರೈವರ್ ಮಾತ್ರ ಮಗನ ಬೆನ್ನು ತಟ್ಟಿ ಎಬ್ಬಿಸಿ, ಯಾರಿಗೂ ಏನೂ ಹೇಳದೆ ಹೊರಟ. ಅವನ ಹಿಂದೆ ಇನ್ನೂ ಕೆಲವರು.

ಅಕ್ಕ ಹೊರಡಲಿಲ್ಲ. ಅವನು ವೇದಿಕೆಯಿಂದ ಇಳಿದು ಹತ್ತಿರ ಹೋದಾಗ ಅವಳು ಮುಖವೆತ್ತದೆ ಚೀಲದ ಜಿಪ್ಪನ್ನು ಎಳೆಯುತ್ತ ಹಾಕುತ್ತ ಇದ್ದಳು. ಪುಟ್ಟಿಯ ಕಿವಿ ಕೆಂಪಾಗಿತ್ತು. "ಎಲ್ಲರ ಎದುರು ಯಾಕೆ ಮಾಮ ಹಾಗೆ ಹೇಳಿದ್ರಿ?" ಎಂದಳು. ಪಕ್ಕದವರಿಗೆ ಬೆರಳು ಮಾಡಿ ತೋರಿಸಿದ್ದವಳು. "ಇಂಟರ್‌ವ್ಯೂನಲ್ಲೂ ನೀವು ಹೀಗೇ ಮಾತಾಡಿರ್ತೀರಿ. ಅದಕ್ಕೇ ಸಿಕ್ಕಿಲ್ಲ. ನನಗೆ ಹಾಗಾಗಲ್ಲ. ನನಗೆ ಮಾತು ಬರುತ್ತೆ, ಕಂಪ್ಯೂಟರ್ ಬರುತ್ತೆ." ಅಕ್ಕ, "ಸುಮ್ನಿರೇ," ಎಂದಳು. ಆದರೆ ಅದರಲ್ಲಿ ಗದರಿಕೆ ಇರಲಿಲ್ಲ. ಅವಳೂ ಹಾಗೇ ಯೋಚಿಸುತ್ತಿದ್ದಾಳೆ ಎಂದು ಅವನಿಗೆ ಹೊಳೆಯಿತು. ಅಷ್ಟು ಕಷ್ಟಪಟ್ಟು ಹೇಳಿದ ನಿಜ ಓದಿನ ಬಗ್ಗೆ ಯಾರಿಗೂ ಏನನ್ನೂ ತಿಳಿಸಿರಲಿಲ್ಲ, ತನ್ನ ಬಗ್ಗೆ ಮಾತ್ರ ತಿಳಿಸಿತ್ತು. ಕೈಲಾಗದವನು. ಸಿಟ್ಟು ಬಂತು, ಪುಟ್ಟಿಯ ಮೇಲೆ. ಅವಳ ಇಸ್ತ್ರಿ ಮಾಡಿದ ಬಟ್ಟೆಯ ಮೇಲೆ, ಆ ಕೆಂಪು ಕಿವಿಯ ಮೇಲೆ. ಸೇರಲಿ, ಗೊತ್ತಾಗುತ್ತದೆ ಎಂದು ಒಂದು ಗಳಿಗೆ ಅಂದುಕೊಂಡೇಬಿಟ್ಟ.

ಡೈರೆಕ್ಟರ್ ಅವನನ್ನು ಕಿಟಕಿಯ ಹತ್ತಿರ ಕರೆದರು. ಹಲ್ಲು ಕಾಣುವ ಹಾಗೆ ನಗುತ್ತಲೇ, ದನಿ ತಗ್ಗಿಸಿ, "ಸೀಟು ತುಂಬಿಸು ಅಂತ ಕರೆದ್ರೆ ಖಾಲಿ ಮಾಡಿಸ್ದೆ ನೀನು," ಎಂದರು. ಅವನು "ಸಾರ್, ಸರ್ಟಿಫಿಕೇಟು," ಎಂದ. ತನ್ನ ದನಿ ಅಷ್ಟು ಸಣ್ಣಗಾದದ್ದು ಅವನಿಗೇ ಕೇಳಿಸಿತು. "ಯಾವ ಮುಖ ಇಟ್ಕೊಂಡು ಕೇಳ್ತೀಯ?" ಎಂದವರು ಮೂರನೆಯ ಸಾಲಿನ ಕಡೆ ನೋಡಿದರು. "ಆ ಹುಡುಗಿ ನಿಮ್ಮೋರಂತಲ್ಲ. ಇನ್ನೂ ಕೂತಿದ್ದಾಳೆ. ಅವಳನ್ನ ಸೇರಿಸು, ಈಗಲೇ ಕವರ್ ತಂದುಕೊಡ್ತೀನಿ. ಇಲ್ಲದಿದ್ರೆ ಬಾಕಿ ಫೀಸು ಕಟ್ಟಿ ತಗೊಂಡು ಹೋಗು." ಕಿಟಕಿಯ ಕೆಳಗೆ ಟೈಲ್ಸಿನ ಅಂಗಡಿಯವರು ಲಾರಿಯಿಂದ ಪೆಟ್ಟಿಗೆ ಇಳಿಸುತ್ತಿದ್ದರು. ಒಂದು ಪೆಟ್ಟಿಗೆ ಜಾರಿ ಬಿತ್ತು, ಯಾರೋ ಯಾರನ್ನೋ ಬೈದರು. ಅವನು ಆ ಒಡೆದ ಚೂರುಗಳನ್ನು ನೋಡುತ್ತ ನಿಂತ. ತಕ್ಕಡಿ ತೂಗತೊಡಗಿತ್ತು. ಒಂದು ಕಡೆ ಕವರು, ಹುದ್ದೆ, ಅಕ್ಕನ ಮನೆ. ಇನ್ನೊಂದು ಕಡೆ ಪುಟ್ಟಿಯ ಮೂರು ವರ್ಷ, ಆಮೇಲಿನ ವರ್ಷಗಳು. ಹುದ್ದೆ ಸಿಕ್ಕರೆ ಇಬ್ಬರ ಸಾಲವನ್ನೂ ತಾನೇ ತೀರಿಸಬಹುದಲ್ಲ ಎಂಬ ಮಾತು ಎಲ್ಲಿಂದಲೋ ಬಂದು ಆ ಕಡೆಯ ತಟ್ಟೆಯಲ್ಲಿ ಕೂತಿತು. ಹುದ್ದೆ ಸಿಕ್ಕುತ್ತದೆಂದು ಯಾರು ಹೇಳಿದರು? ಯಾರೂ ಹೇಳಿರಲಿಲ್ಲ.

ತಿರುಗಿ ನೋಡಿದಾಗ ಅಕ್ಕ ಸಾಲದ ಮೇಜಿನ ಮುಂದೆ ನಿಂತಿದ್ದಳು. ಪುಟ್ಟಿಯ ಫೋಟೋ, ಅಂಕಪಟ್ಟಿ ಎಲ್ಲ ಮೇಜಿನ ಮೇಲಿತ್ತು. "ಇಲ್ಲಿ ಬಾರೋ," ಎಂದು ಕರೆದಳು. ಹತ್ತಿರ ಹೋದಾಗ, ಮಗಳಿಗೆ ಕೇಳದ ಹಾಗೆ ಹೇಳಿದಳು: "ನೋಡು, ನಿನ್ನ ಹಣೆಯಲ್ಲಿ ಬರೆದಿರಲಿಲ್ಲ, ಬಿಡು. ಅದಕ್ಕೆ ನಾನೇನೂ ಅನ್ನಲ್ಲ. ಗೇಟಲ್ಲಾದರೂ ನಿಂತ್ಕೋ, ಎಲ್ಲಾದರೂ ನಿಂತ್ಕೋ. ಆದ್ರೆ ಇವಳ ಕಾಲಿಗೆ ಅಡ್ಡ ಬರಬೇಡ. ನನ್ನ ಮನೆ ಪತ್ರ ನಿನ್ನ ಸಾಲಕ್ಕೆ ಅವರ ಹತ್ರಾನೇ ಇದೆ, ನನ್ನ ಜಾಮೀನು ಇನ್ನೊಂದ್ಸಲ ತಗೊಳ್ಳಲ್ವಂತೆ. ನಿನಗೆ ನಾನು ಹಾಕಿದ್ದೆ. ಅವಳಿಗೆ ನೀನು ಹಾಕು." ಅವಳು ಬೇಡುತ್ತಿರಲಿಲ್ಲ. ಕೊಟ್ಟ ಪಾತ್ರೆಯನ್ನು ವಾಪಸು ಕೇಳುವವಳ ಹಾಗೆ ಕೇಳುತ್ತಿದ್ದಳು, ಅಷ್ಟು ಸಹಜವಾಗಿ. ಬೇಡ ಅನ್ನಬೇಕೆಂದು ಅವನು ಬಾಯಿ ತೆರೆದ. ಆಗ ಕಿಟಕಿಯ ಬಳಿಯಿಂದ ಡೈರೆಕ್ಟರ್ ತಮ್ಮ ಕೋಣೆಯ ಕಡೆ ನಡೆದದ್ದು ಕಾಣಿಸಿತು. ಡ್ರಾಯರು ಎಳೆದ ಸದ್ದು ಕೇಳಿಸಿತೋ ಅಥವಾ ಕೇಳಿಸಿತೆಂದು ಅನ್ನಿಸಿತೋ. ಗುಮಾಸ್ತೆ ಪೆನ್ನು ಚಾಚಿದಳು. ಅವನು ತೆಗೆದುಕೊಂಡ. ಎಲ್ಲಿ ಗುರುತು ಹಾಕಿದ್ದಳೋ ಅಲ್ಲೆಲ್ಲ ಸಹಿ ಹಾಕಿದ. ಒಂದು ಸಾಲನ್ನೂ ಓದಲಿಲ್ಲ. ಪುಟ್ಟಿ, "ಓದಿ ಹಾಕಿ ಮಾಮ," ಎಂದು ನಕ್ಕಳು, ಸಿಟ್ಟು ಇಳಿದಿತ್ತು ಅವಳಿಗೆ. "ಓದಿದ್ದೀನಿ," ಎಂದ.

ಗುಮಾಸ್ತೆ ಅವನ ಗುರುತಿನ ಚೀಟಿ ನೋಡಿ ನಂಬರು ಒತ್ತಿದಳು. ಪರದೆ ಅವಳ ಕಡೆಗಿತ್ತು. ಅವನಿಗೆ ಕಂಡದ್ದು ಅವಳ ಕನ್ನಡಕದಲ್ಲಿ ಮೂಡಿದ ಅದರ ಬೆಳಕು ಮಾತ್ರ. ಆ ಬೆಳಕಿನ ಒಂದು ಮೂಲೆ ಕೆಂಪಾಯಿತು. ಅವಳು ಒಳ್ಳೆಯ ಹುಡುಗಿ, ಮುಜುಗರಪಟ್ಟುಕೊಂಡೇ ಹೇಳಿದಳು. "ಸಾರಿ ಸರ್, ನಿಮ್ಮದು ಜಾಮೀನಿಗೆ ನಡೆಯಲ್ಲ. ನಿಮ್ಮ ಸಾಲದ್ದೇ ಎರಡು ಕಂತು ಬಾಕಿ ತೋರಿಸ್ತಿದೆ." ಅಕ್ಕ ಬಿಡಲಿಲ್ಲ. "ಬಾಕಿ ಕಟ್ತಾನಮ್ಮ. ಕೋರ್ಟಲ್ಲಿ ಕೆಲಸ ಇದೆ. ಇದೇ ಕಾಲೇಜಲ್ಲಿ ಇದೇ ಡಿಗ್ರಿ ಮಾಡಿದ್ದಾನೆ," ಎಂದಳು. "ಬಾಕಿ ಕಟ್ಟಿದ್ರೂ ಕಷ್ಟ ಮೇಡಂ," ಎಂದಳು ಗುಮಾಸ್ತೆ. "ಇವರಿಗೆ ಬರೋ ಸಂಬಳಕ್ಕೆ ಈ ಡಿಗ್ರಿಯ ಸಾಲದ ಜಾಮೀನು ಕೊಡೋಕಾಗಲ್ಲ. ತುಂಬ ಕಮ್ಮಿ ಆಗುತ್ತೆ. ಬೇರೆ ಯಾರಾದರೂ ಇದ್ದಾರಾ ನಿಮ್ಮ ಕಡೆ? ಅಂಗಡಿ ಗಿಂಗಡಿ ಇಟ್ಕೊಂಡೋರು?"

ಪುಟ್ಟಿ ನಗು ಮುಖದಲ್ಲೇ ನಿಂತಿದ್ದವಳು ಗುಮಾಸ್ತೆಯನ್ನು ನೋಡಿದಳು, ಆಮೇಲೆ ಬಾಗಿಲಾಚೆ ಮೆಟ್ಟಿಲ ಗೋಡೆಯ ಮೇಲಿದ್ದ ಭೂತಗನ್ನಡಿಯ ಹುಡುಗನನ್ನು, ಆಮೇಲೆ ಮಾಮನನ್ನು. ಮೈಕಿನಲ್ಲಿ ಅಷ್ಟೊಂದು ಹೇಳಿದಾಗ ಅವಳ ತಲೆಗೆ ಹೊಕ್ಕದ್ದು ಏನೂ ಇರಲಿಲ್ಲ. ಈಗ ಅವಳ ಮುಖದಲ್ಲಿ ಏನೋ ಮೆಲ್ಲಗೆ ಕೂಡಿ ಕಳೆಯುತ್ತಿತ್ತು. ಅವನು ಅದನ್ನು ನೋಡಲಾರದೆ ನೋಡಿದ. ಡಿಗ್ರಿ ಕೊಡುವ ಹಾಲಿನಲ್ಲೇ, ಅದಕ್ಕೆ ಸಾಲ ಕೊಡುವ ಮೇಜೇ, ಆ ಡಿಗ್ರಿ ಮಾಡಿದವನ ಮಾತಿಗೆ ಬೆಲೆಯಿಲ್ಲ ಎಂದಿತ್ತು. ಅವಳು ಮುಂದೆ ಬಾಗಿ ತನ್ನ ಫೋಟೋಗಳನ್ನು, ಅಂಕಪಟ್ಟಿಯನ್ನು ಒಂದೊಂದಾಗಿ ಎತ್ತಿಕೊಂಡು ಚೀಲಕ್ಕೆ ಹಾಕಿದಳು. "ಬೇಡಮ್ಮ, ಹೋಗೋಣ," ಎಂದಳು. ಡೈರೆಕ್ಟರ್ ಕಂದು ಬಣ್ಣದ ಕವರು ಹಿಡಿದು ಕೋಣೆಯ ಬಾಗಿಲವರೆಗೆ ಬಂದಿದ್ದವರು, ಅದನ್ನು ನೋಡಿ, ಅಲ್ಲಿಂದಲೇ ವಾಪಸು ಒಳಗೆ ಹೋದರು.

ಬೀದಿಯಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅಕ್ಕ ಬಸ್ ನಿಲ್ದಾಣದವರೆಗೂ ಮುಂದೆ ಮುಂದೆ ನಡೆದಳು. ನೆರಳಿನಲ್ಲಿ ನಿಂತ ಮೇಲೆ, "ಎರಡು ಕಂತಾ?" ಎಂದು ಕೇಳಿದಳು. ಅವನು ತಲೆಯಾಡಿಸಿದ. "ಮೊದಲೇ ಹೇಳಿದ್ರೆ ಇನ್ನೊಂದು ಪಾಳಿ ಬಟ್ಟೆ ಮಡಚ್ತಿದ್ದೆ ಕಣೋ. ಈಗೇನು, ಮನೆಗೆ ಬರ್ತಾರಾ ಅವರು?" ಅವನಿಗೆ ಅಳು ಬಂತು. ಯೂನಿಫಾರ್ಮಿನಲ್ಲಿ ಅಳುವುದು ಚೆನ್ನಾಗಿರುವುದಿಲ್ಲವೆಂದು ತಡೆದುಕೊಂಡ; ಆ ಸ್ಥಿತಿಯಲ್ಲೂ ಅದು ಹೊಳೆದದ್ದಕ್ಕೆ ತನ್ನ ಮೇಲೆ ಹೇಸಿಗೆಯಾಯಿತು. ಬಸ್ಸು ಬಂತು. ಅಕ್ಕ ಹತ್ತಿದಳು. ಪುಟ್ಟಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ತಿರುಗಿ ಅವನ ಕೈ ಹಿಡಿದುಕೊಂಡಳು. "ನಾನು ಏನೇನೋ ಅಂದುಬಿಟ್ಟೆ, ಮನಸ್ಸಲ್ಲಿ ಇಟ್ಕೋಬೇಡಿ ಮಾಮ. ನಿಮಗೆ ಇಷ್ಟೆಲ್ಲ ಗೊತ್ತಿದ್ದೂ, ಅಷ್ಟು ತೊಂದರೆಯಲ್ಲಿದ್ದೂ, ನನಗೋಸ್ಕರ ಸಹಿ ಹಾಕಿದ್ರಲ್ಲ. ಬೇರೆ ಯಾರೂ ಹಾಕ್ತಿರಲಿಲ್ಲ." ಅವಳ ಕಣ್ಣು ತುಂಬಿತ್ತು. ಹೇಳಿಬಿಡಬೇಕಿತ್ತು. ಕವರಿನ ಮಾತು ನಾಲಿಗೆಯ ತುದಿಗೆ ಬಂದಿತ್ತು, ಹಾಲಿನ ತುಂಬ ಜನರೆದುರು ಅಷ್ಟೆಲ್ಲ ಹೇಳಿದವನಿಗೆ ಈ ಒಬ್ಬಳೆದುರು ಅದು ಹೊರಡಲಿಲ್ಲ. "ಇರಲಿ ಬಿಡು," ಎಂದ. ಉಪಕಾರ ಮಾಡಿದವರು ಹೇಳುವ ಹಾಗೆ. ಬಸ್ಸು ಹೊರಟಿತು.

ಕೋರ್ಟಿಗೆ ಬಂದಾಗ ಊಟದ ಹೊತ್ತು ದಾಟಿತ್ತು. ಬೆಳಗಿನ ಮುದುಕ ಗೇಟಿನ ಪಕ್ಕದ ಬೆಂಚಿನಲ್ಲಿ ಕಾಯುತ್ತ ಕೂತಿದ್ದ. ಕೇಸು ಮುಂದಕ್ಕೆ ಹೋಗಿತ್ತಂತೆ, ಬ್ಲೇಡು ಬೇಕಂತೆ. ಜೊತೆಗಾರ ಟ್ರೇ ಎಲ್ಲ ಹುಡುಕಿ ಸೋತಿದ್ದ. ಅವನು ಜೇಬಿನಿಂದ ತೆಗೆದು ಕೊಟ್ಟ. ಮುದುಕ ಅದರ ಅಂಚನ್ನು ಹೆಬ್ಬೆರಳಲ್ಲಿ ಸವರಿ ನೋಡಿ, ಮೊಂಡಾಗಿದೆಯೆಂದು ಗೊಣಗಲೂ ಇಲ್ಲ, "ದೇವರು ನಿನ್ನ ಚೆನ್ನಾಗಿಟ್ಟಿರಲಿ" ಎಂದು ಹರಸಿ ಹೋದ. ಒಳಗೆ ಬರುವವರು ಯಾರೇ ಆಗಲಿ ಬ್ಯಾಗನ್ನು ಯಂತ್ರಕ್ಕೆ ಹಾಕಬೇಕೆಂಬುದು ನಿಯಮ, ಕೆಲಸದವರಿಗೂ ವಿನಾಯಿತಿಯಿಲ್ಲ. ಅವನು ತನ್ನ ಬ್ಯಾಗನ್ನು ಯಂತ್ರದ ಓಡುವ ಪಟ್ಟಿಯ ಮೇಲಿಟ್ಟ. ರಬ್ಬರಿನ ಪರದೆ ಅದನ್ನು ನುಂಗಿತು. ಊಟದ ಡಬ್ಬಿ, ಚಮಚ, ಬೀಗದ ಕೈ ನೀಲಿಯಾಗಿ ಮೂಡಿದವು. ಅವುಗಳ ಮಧ್ಯೆ, ಚಮಚದ ಪಕ್ಕದಲ್ಲೇ, ಒಂದು ಚಾಕು.

ಜೊತೆಗಾರ ಗುಂಡಿ ಒತ್ತಿ ಹೊಟ್ಟೆ ಕುಲುಕಿಸಿ ನಕ್ಕ. "ಅಯ್ಯೋ ಜಡ್ಜ್ ಸಾಹೇಬ್ರೇ, ಇವತ್ತು ನಿಮ್ಮ ಬ್ಯಾಗಲ್ಲೇ ತೋರಿಸ್ತಲ್ರೀ! ಬನ್ನಿ ಬನ್ನಿ, ಸುಳ್ಳು ಚಾಕು." ಪರದೆಯ ಮೇಲೆ ಸಾಲು ಬಂತು, ಚಾಕು ಮಾಯವಾಯಿತು. ಬ್ಯಾಗು ಆ ಕಡೆಯಿಂದ ಹೊರಬಂದು ನಿಂತಿತು. ಪುಟ್ಟಿಯ ಮಾತು, ಮುದುಕನ ಹಾರೈಕೆ ಇನ್ನೂ ಕಿವಿಯಲ್ಲಿದ್ದವು; ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಹಿಂದೆ ಜನ ಸಾಲುಗಟ್ಟುತ್ತಿದ್ದರು, ಯಾರೋ "ಏನ್ರೀ, ಜಾಗ ಬಿಡ್ರೀ," ಎಂದರು.

"ತೆಗೆದು ನೋಡು," ಎಂದ.

"ಏನ್ ನೋಡೋದು? ಪರೀಕ್ಷೆ ಅಂತ ಬಂತಲ್ಲ."

"ಒಂದ್ಸಲ ತೆಗೆದು ನೋಡೋ," ಎಂದು ಬ್ಯಾಗನ್ನು ಅವನ ಮುಂದಕ್ಕೆ ತಳ್ಳಿದ.